ಅಜ್ಜನ ಮಳೆ ಪುಸ್ತಕ ಇದೆ, ಮುಂದಿನ ಹತ್ತು ವರ್ಷಕ್ಕೆ ತೋಟ ಹೇಗೆ ಸಜ್ಜು ಮಾಡೋದು?

ಮಳೆಪುಸ್ತಕ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಒಂಬತ್ತು ಎಕರೆ ಕಾಫಿ. ನಾಲ್ಕು ಅರೇಬಿಕಾ, ಐದು ರೋಬಸ್ಟಾ. ಮರಗಳಿಗೆ ಮೆಣಸು ಹಬ್ಬಿಸಿದೆ. ಕೆಳಗೆ ಎರಡು ಎಕರೆ ಗದ್ದೆ ಇದೆ, ನಾಟಿ ನಿಲ್ಲಿಸಿ ಆರು ವರ್ಷ ಆಯಿತು. ಅಜ್ಜ 1974ರಿಂದ ದಿನಾ ಮಳೆ ಅಳೆದು ಬರೆದಿಟ್ಟಿದ್ದಾರೆ. ಅವರ ನಂತರ ಅಪ್ಪ, ಈಗ ನಾನು. ಅಂಗಳದ ಮೂಲೆಯಲ್ಲಿ ಅದೇ ಹಳೇ ಮಾಪಕ, ಅದೇ ಇಂಚು-ಸೆಂಟ್ ಲೆಕ್ಕ (ನೂರು ಸೆಂಟ್‌ಗೆ ಒಂದು ಇಂಚು).

ಕೊಯ್ಲಿನ ಮಧ್ಯೆ ರಾತ್ರಿ ಹೊತ್ತು ಕೂತು ಎಲ್ಲಾ ವರ್ಷದ ಒಟ್ಟು ಮಳೆಯನ್ನು ಕಂಪ್ಯೂಟರಿಗೆ ಹಾಕಿದೆ. ಗೆರೆ ಎಳೆದು ನೋಡಿದರೆ ಏನೂ ಇಲ್ಲ! ಏರಿಲ್ಲ, ಇಳಿದಿಲ್ಲ. ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ, ಅಷ್ಟೇ.

ತೋಟ ಹೇಳೋದು ಬೇರೆ. 2021ರ ನವೆಂಬರ್ ಮಳೆಗೆ ಕಣದಲ್ಲಿದ್ದ ಕಾಫಿಗೆಲ್ಲ ಬೂಸ್ಟು ಬಂತು. 2023ರ ಆಗಸ್ಟ್ ಪೂರ್ತಿ ಒಣ. ಮುಂದಿನ ಬೇಸಿಗೆಯಲ್ಲಿ ಮೆಣಸಿನ ಬಳ್ಳಿಗಳು ನಿಂತಲ್ಲೇ ಒಣಗಿದವು. 2025ರಲ್ಲಿ ಮೇ ತಿಂಗಳಲ್ಲೇ ಮುಂಗಾರು ಹಿಡಿದು, ಗೊಬ್ಬರ ಹಾಕಲೂ ಬಿಡಲಿಲ್ಲ.

ಮನೆಯಲ್ಲಿ ಮೂರು ಮಾತು ನಡೀತಿವೆ. ಅರೇಬಿಕಾ ಕಿತ್ತು ಎಲ್ಲಾ ರೋಬಸ್ಟಾ ಮಾಡೋಣ ಅಂತ ತಮ್ಮ. ಗದ್ದೆಗೆ ಅಡಿಕೆ ಹಾಕೋಣ ಅಂತ ಅಪ್ಪ. ಗುಡ್ಡದ ಮೇಲೆ ದೊಡ್ಡ ಕೆರೆ ತೆಗೆದರೆ ಪಂಪಿಲ್ಲದೆ ನೀರು ಇಳಿಯುತ್ತದೆ ಅಂತ ನಾನು. ಮೂರಕ್ಕೂ ಸಾಲ ಬೇಕು. ಎರಡಕ್ಕಂತೂ ದುಡ್ಡಿಲ್ಲ. ಹವಾಮಾನ ಬದಲಾಗಿದೆಯೋ ಇಲ್ಲವೋ ಅಂತ ನನ್ನ ಪುಸ್ತಕವೇ ಹೇಳದಿದ್ದರೆ ಯಾವುದಕ್ಕೆ ದುಡ್ಡು ಹಾಕೋದು?

ಅಂಕಿಲೆಕ್ಕ (ಊರು ಬೇಲೂರು, ಕೆಲಸ ಬೆಂಗಳೂರು)

ಮೊದಲು ನಿಮ್ಮ ಅಜ್ಜನಿಗೆ ಒಂದು ದೊಡ್ಡ ನಮಸ್ಕಾರ. ಐವತ್ತು ವರ್ಷದ ದಿನದ ಲೆಕ್ಕ ಅಂದರೆ ಸುಮ್ನೆ ಮಾತಲ್ಲ. ಹವಾಮಾನ ಇಲಾಖೆ 'ವಾಡಿಕೆ ಮಳೆ' ಅನ್ನೋದೂ ಇಂಥ ಹತ್ತಾರು ವರ್ಷದ ಸರಾಸರಿಯನ್ನೇ. ಈಗ ಬಳಕೆಯಲ್ಲಿರೋದು 1971ರಿಂದ 2020ರವರೆಗಿನದು. ನಿಮ್ಮ ಪುಸ್ತಕ ಹೆಚ್ಚು ಕಡಿಮೆ ಅದೇ ಅವಧಿಯದ್ದು.

ಆದರೆ ಒಟ್ಟು ಮಳೆ ನೋಡಿದ್ದು ತಪ್ಪು. ವಾರದ ಊಟವನ್ನೆಲ್ಲ ಭಾನುವಾರ ಒಂದೇ ದಿನ ಬಡಿಸಿದರೂ ವಾರದ ಲೆಕ್ಕ ಸರಿಯಾಗೇ ಇರುತ್ತದೆ. ಉಂಡವನ ಹೊಟ್ಟೆ ಕೇಳಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ತೇವ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಮ್ಮೆಗೇ ಸುರಿಯುತ್ತದೆ, ನಡುವಿನ ಬಿಡುವು ಉದ್ದ ಆಗುತ್ತದೆ. ಭೂವಿಜ್ಞಾನ ಸಚಿವಾಲಯ 2020ರಲ್ಲಿ ತಂದ ವರದಿಯಲ್ಲಿ ಎರಡು ಮಾತಿದೆ. 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು 6 ಶೇಕಡಾ ಇಳಿದಿದೆ, ಇಳಿಕೆ ಎದ್ದು ಕಾಣುವ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಅದು ದೊಡ್ಡ ಚಿತ್ರ. ನಿಮ್ಮ ಅಂಗಳದ್ದು ನೀವೇ ಬಿಡಿಸಬೇಕು.

ಹೀಗೆ ಮಾಡಿ. ದಿನದ ಅಂಕಿಗಳನ್ನೇ ಹಾಕಿ. ಪ್ರತಿ ವರ್ಷ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸೋ ಮಳೆ, ಬಂದ ದಿನ ಯಾವುದು, ಅದು ಎಷ್ಟು ಸೆಂಟ್, ಅದರ ಬೆನ್ನಿಗೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಅಂತ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಳೆಯಿಲ್ಲದ ಅತಿ ಉದ್ದದ ಬಿಡುವು ಎಷ್ಟು ದಿನ, ನಾಲ್ಕೂವರೆ ಇಂಚು ದಾಟಿದ ದಿನ ಎಷ್ಟು ಅಂತ ಎಣಿಸಿ. ಇಲಾಖೆ 115.6 ಮಿ.ಮೀ. ದಾಟಿದರೆ 'ಅತಿ ಭಾರಿ' ಅನ್ನುತ್ತದೆ, ಅದು ನಾಲ್ಕೂವರೆ ಇಂಚಿಗೆ ಸ್ವಲ್ಪ ಮೇಲೆ. ಕೊನೆಗೆ ನವೆಂಬರ್-ಡಿಸೆಂಬರ್‌ನ ಮಳೆ ದಿನಗಳು. ವರ್ಷಕ್ಕೆ ವರ್ಷ ಹೋಲಿಸಬೇಡಿ. ಹತ್ತು ವರ್ಷದ ಕಟ್ಟು ಮಾಡಿ ಹೋಲಿಸಿ.

ಇನ್ನೊಂದು ಉಪಾಯ. ತಿಂಗಳ ಬದಲು ನಕ್ಷತ್ರದ ಲೆಕ್ಕದಲ್ಲಿ ಹಾಕಿ. ಒಂದೊಂದು ಮಳೆ ನಕ್ಷತ್ರ ಹದಿಮೂರು-ಹದಿನಾಲ್ಕು ದಿನ. ಭರಣಿ, ಕೃತ್ತಿಕೆ, ರೋಹಿಣಿ ಅಂತ ಕಟ್ಟು ಕಟ್ಟಾಗಿ ಬರುತ್ತದೆ. ತಿಂಗಳಿಗಿಂತ ಇದು ಸಣ್ಣ ಜರಡಿ.

ಹಳೇ ಪ್ಲಾಂಟರ್ (ಸಕಲೇಶಪುರ)

ಅಂಕಿ ಸರಿ. ಆದರೆ ಎಲ್ಲದಕ್ಕೂ ಆಕಾಶವನ್ನು ಬೈಯೋದು ಈಗ ಫ್ಯಾಷನ್ ಆಗಿದೆ. 1924ರಲ್ಲಿ ಕಾವೇರಿಗೆ ಬಂದ ನೆರೆಯನ್ನು ನಮ್ಮ ಹಿರಿಯರು ಸಾಯೋತನಕ ಹೇಳುತ್ತಿದ್ದರು. ಆಗ ಯಾರು ಕಾರು ಓಡಿಸುತ್ತಿದ್ದರು?

ನಾನು ಕಂಡ ಬದಲಾವಣೆ ಅಂದರೆ ಮರ. ಮೊದಲು ನಮ್ಮ ತೋಟದಲ್ಲಿ ಅತ್ತಿ, ಹಲಸು, ನಂದಿ, ಹೊನ್ನೆ ಇದ್ದವು. ಕೆಳ ಹಂತಕ್ಕೆ ಹಾಲವಾಣ. ಆಮೇಲೆ ಎಲ್ಲರೂ ಸಿಲ್ವರ್ ಓಕ್ ನೆಟ್ಟರು. ನೆಟ್ಟಗೆ ಬೆಳೆಯುತ್ತದೆ, ಮೆಣಸು ಹಬ್ಬುತ್ತದೆ, ಬೇಕಾದಾಗ ಮಾರಬಹುದು. ನಾನೂ ನೆಟ್ಟೆ, ಸುಳ್ಳು ಹೇಳಲ್ಲ. ಮರಗಸಿಯಲ್ಲೂ, ಅಂದರೆ ನೆರಳು ಮರದ ಕೊಂಬೆ ಸವರೋದರಲ್ಲೂ, ಕೈ ಹಿಡಿತ ತಪ್ಪಿತು. ಫಸಲು ಜಾಸ್ತಿ ಬರಲಿ ಅಂತ ಬಿಸಿಲು ಬಿಟ್ಟೆವು. ಬಿಸಿಲು ಬಿದ್ದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳ ಹುಡುಕಿಕೊಂಡು ಬರುತ್ತದೆ. ಈಗ ಹವಾಮಾನ ಕೆಟ್ಟಿತು ಅಂತೇವೆ.

ಅಂಕಿಲೆಕ್ಕ

ಅಣ್ಣಾ, ಜಗಳ ಇಲ್ಲ. ನೀವು ಹೇಳಿದ್ದೇ ಈ ಲೆಕ್ಕದ ಅರ್ಧ. ಮಳೆ-ಬಿಸಿಲು ಎಷ್ಟು ಬದಲಾಯಿತು ಅನ್ನೋದು ಒಂದು. ಅದು ಬಂದಾಗ ನಮಗೆ ಎಷ್ಟು ಪೆಟ್ಟು ಬೀಳುತ್ತದೆ ಅನ್ನೋದು ಇನ್ನೊಂದು. ಒಂದೇ ಬಿಸಿಲು ನೆರಳಿರುವ ತೋಟಕ್ಕೂ ಬೋಳು ತೋಟಕ್ಕೂ ಬೇರೆ ಬೇರೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಇದೆ.

ಮಳೆಪುಸ್ತಕದವರೇ, ನಿಮ್ಮ ತಮ್ಮನ ಮಾತಿಗೆ ಒಂದು ಕಿವಿಮಾತು. ರೋಬಸ್ಟಾಕ್ಕೆ ಬಿಳಿ ಕಾಂಡಕೊರಕದ ಕಾಟ ಇಲ್ಲ, ಸೆಕೆಯನ್ನೂ ತಡೆಯುತ್ತದೆ. ನಿಜ. ಆದರೆ ಅದರ ಬೇರು ಮೇಲೆಮೇಲೆ. ಹೂವಿನ ಹೊತ್ತಿಗೆ ನೀರು ಸಿಗದಿದ್ದರೆ ಆ ವರ್ಷ ಮುಗೀತು. ನೀವು ಹುಳದ ಭಯ ಕೊಟ್ಟು ನೀರಿನ ಭಯ ಕೊಂಡುಕೊಳ್ಳುತ್ತೀರಿ. ಈಚಿನ ರೇಟು ನೋಡಿ ಮಾಡೋದಾದರೆ ಅದು ವ್ಯಾಪಾರದ ಲೆಕ್ಕ, ಹವಾಮಾನದ್ದಲ್ಲ.

ಕೊಪ್ಪದ ಅಡಿಕೆ

ಗದ್ದೆಗೆ ಅಡಿಕೆ ಬೇಡವೇ ಬೇಡ. ನಮ್ಮ ಕಡೆ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟ ಸುಟ್ಟ ಹಾಗೆ ಕಾಣುತ್ತಿದೆ. ಕೊಳೆ ರೋಗ ಹಳೇ ನೆಂಟ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೋಲ್ಮನ್ ಸಾಹೇಬರು ಅದರ ಶಿಲೀಂಧ್ರ ಗುರುತಿಸಿದಂದಿನಿಂದ ಬೋರ್ಡೋ ದ್ರಾವಣ ಹೊಡೀತಾನೇ ಇದ್ದೇವೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದು ಮಕ್ಕಳಿಗೂ ಬಾಯಿಪಾಠ. ಆದರೆ ಹೊಡೆದ ಮೇಲೆ ಗೊನೆ ಒಣಗಬೇಕಲ್ಲ. ಮುಂಗಾರಿಗೆ ಮೊದಲು ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತು, ವಾಡಿಕೆಗಿಂತ ಎಂಟು ದಿನ ಮೊದಲು. ಮರ ಹತ್ತೋರು ಇನ್ನೂ ಬಯಲುಸೀಮೆಯಿಂದ ಬಂದೇ ಇರಲಿಲ್ಲ!

ಹವಾಮಾನ ಆಧರಿಸಿದ ಬೆಳೆ ವಿಮೆ ಮಾಡಿಸಿ, ಆದರೆ ಅದನ್ನೇ ನಂಬಬೇಡಿ. ಅದರಲ್ಲಿ ನಿಮ್ಮ ತೋಟದ ನಷ್ಟ ಯಾರೂ ನೋಡಲ್ಲ. ಹತ್ತಿರದ ಮಳೆಮಾಪಕ ಏನು ಹೇಳುತ್ತದೋ ಅದೇ ದುಡ್ಡು. ನಮ್ಮ ಹತ್ತಿರದ ಮಾಪಕ ಒಂದು ವರ್ಷ ಮಳೆಗಾಲದಲ್ಲಿ ವಾರಗಟ್ಟಲೆ ಕೆಟ್ಟು ಕೂತಿತ್ತು. ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಪಕ್ಕದ ಪಂಚಾಯಿತಿಗೆ ಹಣ ಬಂತು, ನಮಗಿಲ್ಲ.

ಎರೆಹೊಲ (ಗದಗ)

ಮಲೆನಾಡಿನವರು ಮಳೆ ಬಗ್ಗೆ ಅಳೋದು ಓದಿ ನಗು ಬರುತ್ತದೆ, ಕ್ಷಮಿಸಿ. ನಿಮ್ಮ ಒಂದು ವಾರದ ಮಳೆ ನಮಗೆ ಒಂದು ವರ್ಷಕ್ಕೆ ಸಾಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆ ಆದವು. ನಮಗೆ ಅದರಲ್ಲಿ ಹೊಸದೇನೂ ಇರಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬರಗಾಲದ ಸೀಮೆಯಲ್ಲೇ ನೆರೆ ನೋಡಿದವರು ನಾವು.

ಒಂದು ವಿಷಯ ಮಾತ್ರ ನಮ್ಮಿಂದ ಕಲೀಬಹುದು. ಮುಂದಿನ ವರ್ಷ ಮಳೆ ಹೇಗೆ ಅಂತ ನಾವು ಕೇಳಲ್ಲ. ಹೇಳೋರು ಯಾರೂ ಇಲ್ಲ. ನಾವು 'ಹಿಂಗಾದ್ರ ಹಂಗ' ಅಂತ ಇಟ್ಟುಕೊಂಡಿರುತ್ತೇವೆ. ರೋಹಿಣಿ ಮಳೆ ಹದವಾಗಿ ಆದರೆ ಹೆಸರು ಬಿತ್ತು. ಇಂಥ ದಿನದ ತನಕ ಹದ ಆಗಲಿಲ್ಲವೋ, ಹೆಸರು ಬಿಟ್ಟುಬಿಡು, ಬೀಜ ದಂಡ ಮಾಡಬೇಡ. ಹೊಲ ಹರಗಿ ಇಟ್ಟುಕೊ, ಹಿಂಗಾರಿಗೆ ಜೋಳ-ಕಡಲಿ. ಎರೆಮಣ್ಣು ನೀರು ಕುಡಿದು ಇಟ್ಟುಕೊಂಡಿರುತ್ತದೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ, ಕ್ರೀಡಾ ಅಂತಾರಲ್ಲ, ಅವರು ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಜಿಲ್ಲೆಗೊಂದು ಇಂಥದೇ ಯೋಜನೆ ಬರೆದಿದ್ದಾರೆ. ಮುಂಗಾರು ಎರಡು ವಾರ ತಡವಾದರೆ ಏನು, ನಾಲ್ಕಾದರೆ ಏನು, ಆರು, ಎಂಟು ಆದರೆ ಏನು ಅಂತ. ನಮ್ಮ ಅಜ್ಜನ ತಲೆಯಲ್ಲಿ ಇದ್ದದ್ದೇ, ಕಾಗದಕ್ಕೆ ಬಂದಿದೆ.

ನಿಮ್ಮ ಕಾಫಿ ವರ್ಷಾವರ್ಷ ಕಿತ್ತು ಹಾಕೋ ಬೆಳೆ ಅಲ್ಲ, ಗೊತ್ತು. ಆದರೂ ದಿನ ಗೊತ್ತು ಮಾಡಿಕೊಳ್ಳೋದಕ್ಕೆ ಏನು ತೊಂದರೆ?

ಮಳೆಪುಸ್ತಕ (ಮೂಡಿಗೆರೆ)

ಎರೆಹೊಲದವರೇ, ನಗಿ ಪರವಾಗಿಲ್ಲ. 😄 ನಿಮ್ಮ 'ಹಿಂಗಾದ್ರ ಹಂಗ' ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ತುಂಬಾ ಹಿಡಿಸಿತು.

ಕೆರೆಯ ಲೆಕ್ಕ ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ. ಒಂದು ಎಕರೆಗೆ ಒಂದು ಇಂಚು ಅಂದರೆ ಸುಮಾರು 1.03 ಲಕ್ಷ ಲೀಟರ್. ರೋಬಸ್ಟಾಕ್ಕೆ ಹೂವಿಗೆ ಒಂದೂವರೆ ಇಂಚು, ಹದಿನೈದು-ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್ ಒಂದು ಇಂಚು. ಐದು ಎಕರೆಗೆ ಸುಮಾರು 13 ಲಕ್ಷ ಲೀಟರ್. ಮೇಲೆ 24 ಮೀಟರ್ ಚೌಕ, 3 ಮೀಟರ್ ಆಳ, ಇಳಿಜಾರು ಬದಿ ಬಿಟ್ಟರೆ ಸರಿಯಾಗಿ 13 ಲಕ್ಷ ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಇಂಗೋದಿಲ್ಲ. ಗುಡ್ಡದ ಮೇಲಿನ ಹುಲ್ಲುಬಯಲಲ್ಲಿ ಜಾಗ ಇದೆ.

ಮಾದಾಪುರದ ಹೊಳೆ (ಕೊಡಗು)

ದಯವಿಟ್ಟು ಗುಡ್ಡದ ಮೇಲೆ ಕೆರೆ ಮಾಡಬೇಡಿ.

2018ರ ಆಗಸ್ಟ್ ಮಧ್ಯದಲ್ಲಿ ನಾನು ಇಲ್ಲಿದ್ದೆ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ನಮ್ಮ ಮಾದಾಪುರ. ಆ ವರ್ಷ ಜೂನ್‌ನಿಂದಲೇ ಮಣ್ಣು ನೆನೆದು ನೆನೆದು ಗಂಜಿಯಾಗಿತ್ತು. ಆಶ್ಲೇಷ ಮುಗಿದು ಮಘೆ ಹಿಡಿಯೋ ಹೊತ್ತಿಗೆ ಸುರಿದದ್ದು ಅದರ ಮೇಲೆ. ಗುಡ್ಡ ಕುಸಿಯೋದಲ್ಲ, ಹರಿದು ಬಂತು. ಕಾಫಿ ಗಿಡ ನಿಂತ ಹಾಗೇ ಇತ್ತು, ಜಾಗ ಮಾತ್ರ ಬೇರೆ. ಆಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿದರು. ಮನೆಗೆ, ರಸ್ತೆಗೆ ಅಂತ ಗುಡ್ಡದ ಬುಡ ನೆಟ್ಟಗೆ ಕಡಿದ ಕಡೆಗಳಲ್ಲೇ ಕುಸಿತ ಜಾಸ್ತಿ ಅಂತ ಹೇಳಿದರು. ಮಳೆ ಎಲ್ಲರ ಮೇಲೂ ಸುರಿಯಿತು. ಜಾರಿದ್ದು ಹೆಚ್ಚಾಗಿ ಕೈ ಹಾಕಿದ ಗುಡ್ಡ.

ನಿಮ್ಮ 13 ಲಕ್ಷ ಲೀಟರ್ ಅಂದರೆ 1,300 ಟನ್ ತೂಕ. ಅದನ್ನು ತಲೆ ಮೇಲೆ ಇಟ್ಟುಕೊಳ್ಳುತ್ತೀರಿ. ಹೊದಿಕೆ ಒಂದು ಕಡೆ ಹರಿದರೂ ನೀರು ಎಲ್ಲಿ ಇಳಿಯುತ್ತಿದೆ ಅಂತ ನಿಮಗೆ ಗೊತ್ತಾಗಲ್ಲ. ತೋಟದೊಳಗೆ ನೀರು ಇಂಗಿಸೋ ತೊಟ್ಟಿಲು ಗುಂಡಿ ತೆಗೆಯೋದೂ ಅಷ್ಟೇ. ಮಟ್ಟ ಜಾಗದಲ್ಲಿ, ಸಾಧಾರಣ ಇಳಿಜಾರಿನಲ್ಲಿ ಒಳ್ಳೆಯದು. ಕಡಿದಾದ ಕಡೆ ನೀರು ಇಂಗಿಸಬೇಡಿ, ಅಡ್ಡ ಚರಂಡಿ ಮಾಡಿ ಹೊರಗೆ ಸಾಗಿಸಿ. ಬರಗಾಲಕ್ಕೆ ಮಾಡಿದ ಉಪಾಯ ಮಳೆಗಾಲದಲ್ಲಿ ಮನೆ ತೆಗೆಯಬಾರದು ಅಲ್ವಾ?

ಕೆರೆ ಬೇಕೇ ಬೇಕು ಅಂದರೆ ಕೆಳಗೆ ಪಾಳು ಬಿದ್ದ ಗದ್ದೆ ಇದೆಯಲ್ಲ.

ಹಳೇ ಪ್ಲಾಂಟರ್ (ಸಕಲೇಶಪುರ)

ಈ ಮಾತು ಒಪ್ಪಿದೆ. ನಮ್ಮ ದೋಣಿಗಾಲ್ ಹತ್ತಿರ ಹೆದ್ದಾರಿಗೆ ಗುಡ್ಡ ಕಡಿದದ್ದು ಪ್ರತಿ ಮಳೆಗಾಲ ನೋಡುತ್ತಿದ್ದೇವೆ. ಗದ್ದೆ ಕೆಳಗೆ ಇರೋದೇ ನೀರು ನಿಲ್ಲಲಿ ಅಂತ. ನಾಟಿ ಇದ್ದಾಗ ಅದೇ ಕೆರೆ ಆಗಿತ್ತು, ಯಾರೂ ಸಾಲ ಕೊಡಬೇಕಿರಲಿಲ್ಲ. ಡೀಸೆಲ್ ಖರ್ಚು ಬೀಳುತ್ತದೆ, ಬೀಳಲಿ. ಮತ್ತೆ ಆವಿ ಲೆಕ್ಕ ಬಿಟ್ಟಿದ್ದೀರಿ. ದಿನಕ್ಕೆ 4 ಮಿ.ಮೀ. ಅಂದರೂ ನಾಲ್ಕು ತಿಂಗಳಿಗೆ ಅರ್ಧ ಮೀಟರ್ ಹತ್ತಿರ ಹೋಗುತ್ತದೆ. ಎರಡೂವರೆ ಲಕ್ಷ ಲೀಟರ್ ಸೂರ್ಯನಿಗೆ.

ಲೈನ್‌ಮನೆ ಹುಡುಗ

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯೋದೋ ಬೇಡವೋ ಅಂತ ಇದ್ದೆ.

ನಾನು ಹುಟ್ಟಿದ್ದು ತೋಟದ ಲೈನ್‌ಮನೆಯಲ್ಲಿ. ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿರುತ್ತಾರಲ್ಲ, ಆ ಮನೆ. ಯಾವ ತೋಟ ಅಂತ ಬೇಡ. ಅಮ್ಮ ಈಗಲೂ ಕೆಲಸಕ್ಕೆ ಹೋಗುತ್ತಾಳೆ. ಇಲ್ಲಿ ಗಿಡ, ಮರ, ಕೆರೆ, ವಿಮೆ ಎಲ್ಲದರ ಲೆಕ್ಕ ಆಯಿತು. ಆಳಿನ ಲೆಕ್ಕ ಬರಲಿಲ್ಲ. ಜೋರು ಮಳೆ ಬಿದ್ದ ದಿನ ಕೆಲಸ ಇಲ್ಲ, ಕೂಲಿ ಇಲ್ಲ. ಹಿಂದೆ ಸಣ್ಣ ಮಳೆಯಲ್ಲಿ ತಲೆ-ಬೆನ್ನು ನೆನೆಯದ ಹಾಗೆ ಗೊರಗ ಹಾಕಿಕೊಂಡು ಕಳೆ ತೆಗೆಯುತ್ತಿದ್ದರು. ನಾಲ್ಕು ಇಂಚು ಹೊಡೆದರೆ ಯಾರು ಹೋಗುತ್ತಾರೆ? ಆಗಸ್ಟ್‌ನಲ್ಲಿ ಮಳೆಯೇ ಇಲ್ಲದ ವರ್ಷವೂ ಕಳೆ ಕೆಲಸ ಇಲ್ಲ. ಎರಡೂ ಕಡೆಯಿಂದ ನಷ್ಟ ಅಮ್ಮನಿಗೇ.

ಇನ್ನೊಂದು. ತೋಟದ ಮಾಲೀಕರ ಮನೆ ಯಾವಾಗಲೂ ಗಟ್ಟಿ ಮಟ್ಟ ಜಾಗದಲ್ಲಿ ಇರುತ್ತದೆ. ಲೈನ್ ಇರೋದು ಗುಡ್ಡ ಕಡಿದು ಮಾಡಿದ ಪಟ್ಟಿಯಲ್ಲಿ, ಇಲ್ಲ ಹೊಳೆ ಪಕ್ಕ. 2024ರ ಜುಲೈನಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ರಾತ್ರಿ ಗುಡ್ಡ ಬಂದಾಗ ಪಾಡಿಗಳಲ್ಲಿ, ಅಂದರೆ ಅಲ್ಲಿನ ಲೈನ್‌ಮನೆಗಳಲ್ಲಿ, ಮಲಗಿದ್ದವರು ಯಾರು? ಎಸ್ಟೇಟ್ ಕೆಲಸಗಾರರು. ನಿಮ್ಮ ಯೋಜನೆಯ ಮೊದಲ ಸಾಲಿನಲ್ಲಿ ಲೈನ್‌ಮನೆ ಇದೆಯಾ, ನೋಡಿ.

ಕೊಪ್ಪದ ಅಡಿಕೆ

ತಲೆ ತಗ್ಗಿಸೋ ಮಾತು. ನಮ್ಮಲ್ಲೂ ಅಡಿಕೆ ಗೊನೆ ಇಳಿಸೋ ಕೊನೆಗಾರರು ಉಳಿಯೋ ಶೆಡ್, ಗುಡ್ಡ ಕಡಿದ ಧರೆಯ ಕೆಳಗೇ ಇದೆ.

ಮಳೆಪುಸ್ತಕ (ಮೂಡಿಗೆರೆ)

ನಾಲ್ಕು ದಿನ ಸುಮ್ಮನಿದ್ದೆ. ಎರಡು ಕೆಲಸ ಮಾಡುತ್ತಿದ್ದೆ.

ಒಂದು, ಲೈನ್ ಹಿಂದೆ ಹೋಗಿ ನೋಡಿದೆ. ನಾಲ್ಕು ಮನೆ. ಹಿಂದಿನ ಧರೆ ನನ್ನ ಎರಡಾಳು ಎತ್ತರ ಇದೆ, ನೆಟ್ಟಗೆ. ಅಪ್ಪನೇ ಕಡಿಸಿದ್ದು. ಮೇಲಿನ ರಸ್ತೆಯ ನೀರೆಲ್ಲ ಅದೇ ಧರೆಯ ನೆತ್ತಿಗೆ ಬರುತ್ತಿದೆ. ಇಷ್ಟು ವರ್ಷ ದಿನಾ ಓಡಾಡಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ಮಳೆಗಾಲಕ್ಕೆ ಮೊದಲು ಮೇಲೆ ಅಡ್ಡ ಚರಂಡಿ, ಧರೆಗೆ ಮೆಟ್ಟಿಲು ಹಾಕಿಸುತ್ತೇನೆ. ಎರಡು ಮನೆ ಗದ್ದೆ ಪಕ್ಕದ ಮಟ್ಟ ಜಾಗಕ್ಕೆ ಹೋಗಲೇಬೇಕು. ಸಾಲ ಸಿಕ್ಕರೆ ಮೊದಲ ದುಡ್ಡು ಅದಕ್ಕೆ. ತಮ್ಮ ಮುಖ ಗಂಟು ಹಾಕಿದ್ದಾನೆ, ಹಾಕಲಿ.

ಎರಡು, ದಿನದ ಅಂಕಿ. ಹೂ ಮಳೆ ಮೊದಲೂ ಚೆಲ್ಲಾಪಿಲ್ಲಿ, ಈಗಲೂ ಚೆಲ್ಲಾಪಿಲ್ಲಿ. ನಾನು ಅಂದುಕೊಂಡಷ್ಟು ಬದಲಾವಣೆ ಅಲ್ಲಿಲ್ಲ. ಅಜ್ಜ 1983ರ ಪುಟದಲ್ಲಿ 'ಹೂ ಮಳೆ ಕೈ ಕೊಟ್ಟಿತು' ಅಂತ ಪೆನ್ಸಿಲಿನಲ್ಲಿ ಬರೆದಿದ್ದಾರೆ! ಎದ್ದು ಕಾಣೋದು ಮಧ್ಯದ ಬಿಡುವು ಮತ್ತು ದೊಡ್ಡ ಮಳೆ. ಮೊದಲ ಇಪ್ಪತ್ತು ವರ್ಷದಲ್ಲಿ ಆರಿದ್ರದಿಂದ ಪುಷ್ಯದ ತನಕ ಸೊನ್ನೆ ಬರೆದ ದಿನ ಹುಡುಕಬೇಕು. ಈಚಿನ ಪುಟಗಳಲ್ಲಿ ಸೊನ್ನೆಗಳು ಸಾಲು ಸಾಲು, ಅವುಗಳ ಪಕ್ಕದಲ್ಲೇ ಐದು ಇಂಚು, ಆರು ಇಂಚು.

ಹಾಗಾಗಿ ನಮ್ಮ 'ಹಿಂಗಾದ್ರ ಹಂಗ' ಗೋಡೆಗೆ ಅಂಟಿಸಿದೆ. ಮಾರ್ಚ್ 5ರ ಒಳಗೆ ಒಂದು ಇಂಚು ಬರದಿದ್ದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್, ಇನ್ನೊಂದು ವಾರ ನೋಡೋಣ ಅನ್ನೋ ಮಾತಿಲ್ಲ. ಕೃತ್ತಿಕೆ ಮಳೆಯಲ್ಲೇ ಮುಂಗಾರು ಹಿಡಿದರೆ ಮೊದಲ ಗೊಬ್ಬರ ಬಿಟ್ಟು, ನಡುವಿನ ಬಿಡುವಿಗೆ ಕಾಯೋದು. ಮೂರು ದಿನದಲ್ಲಿ ಹನ್ನೆರಡು ಇಂಚು ದಾಟಿದರೆ ಲೈನ್‌ನವರೆಲ್ಲ ನಮ್ಮ ಕಣದ ಗೋಡೌನಿಗೆ, ರಾತ್ರಿಯಾದರೂ ಸರಿ. ಅರೇಬಿಕಾ ಕೀಳಲ್ಲ, ನೆರಳು ಸರಿ ಮಾಡಿ ಐದು ವರ್ಷ ನೋಡೋದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ ಒಮ್ಮೆ ಹೋಗಿ ಬರುತ್ತೇನೆ. ಅಡಿಕೆ ಇಲ್ಲ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಕೆರೆ ಗದ್ದೆಯಲ್ಲಿ, 24 ಮೀಟರ್ ಅಲ್ಲ 26.

ಮಾದಾಪುರದ ಹೊಳೆ (ಕೊಡಗು)

ಹನ್ನೆರಡು ಇಂಚು ಅಂತ ಕಾಯಬೇಡಿ. ಒರತೆ ಹೊಸ ಜಾಗದಲ್ಲಿ ಎದ್ದರೆ, ನೀರು ಕೆಂಪಾದರೆ, ಮರ ವಾಲಿದರೆ, ಗೋಡೆ ಬಿರುಕು ಬಿಟ್ಟರೆ ಇಂಚು ನೋಡದೆ ಹೊರಡಿ. ನಮ್ಮಲ್ಲಿ ಹಿಂದಿನ ದಿನ ಒಂದು ತೋಡು ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಯಾರಿಗೂ ಅರ್ಥ ಆಗಲಿಲ್ಲ.

ಲೈನ್‌ಮನೆ ಹುಡುಗ

ಆ ಹನ್ನೆರಡು ಇಂಚಿನ ಚೀಟಿ ಲೈನ್ ಗೋಡೆಗೂ ಅಂಟಿಸಿ. ನಿಮ್ಮ ಮನೆ ಗೋಡೆಗೆ ಮಾತ್ರ ಅಲ್ಲ. ಮತ್ತೆ ಗೋಡೌನ್ ಬೀಗದ ಕೈ ಒಂದು ಅವರ ಹತ್ತಿರ ಇರಲಿ.

ಅಂಕಿಲೆಕ್ಕ

ತುಂಬಾ ಖುಷಿ ಆಯಿತು. ಒಂದೇ ಒಂದು ಅನುಮಾನ, ಬೈಯಬೇಡಿ. ಆ ಸಾಲು ಸಾಲು ಸೊನ್ನೆಗಳು ನಿಜವಾದ ಸೊನ್ನೆಯೋ, ಮದುವೆ-ಮುಂಜಿಗೆ ಹೋಗಿದ್ದಾಗ ಬರೆಯದೆ ಬಿಟ್ಟದ್ದೋ? ಹೋಬಳಿ ಮಾಪಕದ ಅಂಕಿ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರ ಹತ್ತಿರ ಇರುತ್ತದೆ, ಒಮ್ಮೆ ತಾಳೆ ನೋಡಿ. ಹಾಗೇ ನಿಮ್ಮ ಮಾಪಕದ ಫೋಟೋ ಹಾಕಿ.

ಮಳೆಪುಸ್ತಕ (ಮೂಡಿಗೆರೆ)

ಸೊನ್ನೆ ನಿಜದ್ದೇ. ಬರೆಯದ ದಿನ ಅಪ್ಪ ಅಡ್ಡಗೆರೆ ಎಳೆಯುತ್ತಿದ್ದರು. ಫೋಟೋ ಹಾಕಿದ್ದೇನೆ.

ಅಂಕಿಲೆಕ್ಕ

ಅಯ್ಯೋ, ಅದರ ಮೇಲೆ ಇರೋದು ಏನು?

ಮಳೆಪುಸ್ತಕ (ಮೂಡಿಗೆರೆ)

ಹಲಸಿನ ಮರ. ಅಜ್ಜ ನೆಟ್ಟಿದ್ದು.

ಅಂಕಿಲೆಕ್ಕ

ಅದರ ಕೊಂಬೆ ಮಾಪಕದ ಮೇಲೇ ಬಂದಿದೆಯಲ್ಲ! 1974ರಲ್ಲಿ ಆ ಮರ ಸಸಿ ಇದ್ದಿರಬೇಕು. ಈಗ ಎಷ್ಟು ಮಳೆ ಎಲೆ ಮೇಲೆ ನಿಂತು ಹೋಗುತ್ತದೋ, ಎಷ್ಟು ಎಲೆಯಿಂದ ಮಾಪಕಕ್ಕೇ ಸುರಿಯುತ್ತದೋ. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಮಾಪಕ ಇರಬೇಕು. ಏರಿಲ್ಲ-ಇಳಿದಿಲ್ಲ ಅಂದಿರಲ್ಲ ನಿಮ್ಮ ಒಟ್ಟು ಮಳೆ, ಆ ಗೆರೆಯನ್ನೂ ಈಗ ಪೂರ್ತಿ ನಂಬೋ ಹಾಗಿಲ್ಲ.

ಹಳೇ ಪ್ಲಾಂಟರ್ (ಸಕಲೇಶಪುರ)

ಮರಕ್ಕೆ ಕೈ ಹಾಕಿದರೆ ನಾನೇ ಬಂದು ಜಗಳ ಆಡುತ್ತೇನೆ.

ಅಂಕಿಲೆಕ್ಕ

ಮರ ಕಡಿಯೋದು ಬೇಡ, ಕೊಂಬೆಯನ್ನೂ ಮುಟ್ಟಬೇಡಿ. ಬಯಲಲ್ಲಿ, ಕಣದ ಪಕ್ಕ ಹೊಸ ಮಾಪಕ ಇಡಿ. ಹಳೇದನ್ನೂ ಎರಡು ಮಳೆಗಾಲ ಹಾಗೇ ಓದಿ. ಎರಡರ ವ್ಯತ್ಯಾಸ ಗೊತ್ತಾದರೆ ಈಚಿನ ಪುಟಗಳನ್ನು ಹೇಗೆ ಓದಬೇಕು ಅಂತ ತಿಳಿಯುತ್ತದೆ. ಓದೋದು ದಿನಾ ಬೆಳಿಗ್ಗೆ ಎಂಟೂವರೆಗೆ.

ಮಳೆಪುಸ್ತಕ (ಮೂಡಿಗೆರೆ)

ಹೊಸದು ತಂದಾಯಿತು. ಈ ಸಲ ಮಿಲಿಮೀಟರ್. ಅಪ್ಪ 'ಇಂಚಲ್ಲಿ ಹೇಳು' ಅಂತ ಈಗಲೇ ಶುರು ಮಾಡಿದ್ದಾರೆ. ಲೈನ್‌ನ ಹುಡುಗಿ ಒಬ್ಬಳು ಎಂಟನೇ ಕ್ಲಾಸು, ಹಳೇದನ್ನು ನಾನು ಓದ್ತೀನಿ ಅಂದಿದ್ದಾಳೆ. ನಾಳೆ ಬೆಳಿಗ್ಗೆಯಿಂದ ಎರಡೂ ಶುರು. ಸದ್ಯಕ್ಕೆ ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ.